ಲಿವರ್ ಕ್ಯಾನ್ಸರ್ ಆಪರೇಷನ್ ನಂತರದ ರಿಪೋರ್ಟ್: ಎಂ.ವಿ.ಐ., ಸಿ.ಕೆ.19 ನೋಡಿ ಮುಂದಿನದನ್ನು ಎಷ್ಟು ಹೇಳಬಹುದು?

ಬದಿಯಡ್ಕದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನಿಗೆ ಕಳೆದ ತಿಂಗಳು ಮಂಗಳೂರಿನಲ್ಲಿ ಲಿವರ್ ಆಪರೇಷನ್ ಆಯಿತು. ಬಲಭಾಗದಲ್ಲಿ ಒಂದೇ ಗಡ್ಡೆ ಇತ್ತು, ನಾಲ್ಕೂವರೆ ಸೆಂಟಿಮೀಟರ್. ಪೂರ್ತಿ ತೆಗೆದಿದ್ದೇವೆ ಎಂದರು. ಈಗ ಮನೆಯಲ್ಲಿದ್ದಾರೆ. ಗಂಜಿ ಸೇರುತ್ತಿದೆ, ಅಂಗಳದಲ್ಲಿ ನಡೆಯುತ್ತಾರೆ. ಅವರಿಗೆ ಹೆಪಟೈಟಿಸ್ ಬಿ ಇದೆ ಎಂಬುದು ನಮಗೆ ಗೊತ್ತಾದದ್ದೇ ಈ ಸಲ.

ಮೊನ್ನೆ ಹಿಸ್ಟೋಪೆಥಾಲಜಿ ರಿಪೋರ್ಟ್ ಬಂತು. ಎಡ್ಮಂಡ್‌ಸನ್ ಗ್ರೇಡ್ 3 (ಕಣಗಳು ಎಷ್ಟು ಕೆಟ್ಟಿವೆ ಎಂಬುದರ ನಾಲ್ಕು ಮೆಟ್ಟಿಲಲ್ಲಿ ಮೂರನೆಯದಂತೆ), ಎಂ.ವಿ.ಐ. ಇದೆ, ಮಾರ್ಜಿನ್‌ನಲ್ಲಿ ಅಂದರೆ ಕತ್ತರಿಸಿದ ಅಂಚಿನಲ್ಲಿ ಗಡ್ಡೆ ಇಲ್ಲ, ಸಿ.ಕೆ.19 ಪಾಸಿಟಿವ್ ಶೇ. 10ರಿಂದ 15, ಕೆಐ-67 ಶೇ. 30, ಗ್ಲೈಪಿಕಾನ್-3 ಪಾಸಿಟಿವ್ ಎಂದೆಲ್ಲ ಇದೆ. ಉಳಿದ ಲಿವರ್‌ನಲ್ಲಿ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವುದು) ಶುರುವಾಗಿದೆ ಎಂದೂ ಬರೆದಿದ್ದಾರೆ. ಸರ್ಜನ್ 'ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿಸಿ ಬನ್ನಿ' ಎಂದಷ್ಟೇ ಹೇಳಿದರು. ಅಲ್ಲಿ ಜನ ಜಾಸ್ತಿ, ಕೇಳಲು ಸಮಯ ಸಿಗಲಿಲ್ಲ. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಸಿ.ಕೆ.19 ಬಂದರೆ ಮುಗಿಯಿತು ಎಂದು ಬರೆದುಬಿಟ್ಟರು. ಅತ್ತೆ ಅದನ್ನು ಓದಿ ಎರಡು ದಿನ ಊಟ ಮಾಡಲಿಲ್ಲ. ಈ ರಿಪೋರ್ಟಿನಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡಬೇಕು? ಗೊತ್ತಿದ್ದವರು ಹೇಳಿ.

ಪೆರ್ಲದ ಸ್ಲೈಡ್ ಡಾಕ್ಟ್ರು

ಅಕ್ಕ, ನಾನು ಪೆಥಾಲಜಿಯಲ್ಲಿ ಕೆಲಸ ಮಾಡುವವಳು, ಊರು ಪೆರ್ಲ. ನಿಮ್ಮ ಮಾವನ ಸ್ಲೈಡ್ ನಾನು ನೋಡಿಲ್ಲ. ಆದ್ದರಿಂದ ರಿಪೋರ್ಟ್ ಓದುವುದು ಹೇಗೆ ಎಂಬುದನ್ನು ಮಾತ್ರ ಹೇಳುತ್ತೇನೆ.

ಮೊದಲು ಅತ್ತೆಗೆ ಹೇಳಿ: ಸಿ.ಕೆ.19 ಬಂದರೆ ಮುಗಿಯಿತು ಎಂಬುದು ಸುಳ್ಳು. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ಲಿವರ್ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಮತ್ತೆ ಬರುವ ಸಂಭವ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಐದು ವರ್ಷದೊಳಗೆ ಶೇ. 70ರವರೆಗೂ ಮರಳಿ ಬರುತ್ತದೆ ಎಂಬ ಲೆಕ್ಕ ಇದೆ. ಆದರೆ ಮರಳಿ ಬರುವುದರಲ್ಲಿ ಎರಡು ಬಗೆ. ಮೊದಲ ಎರಡು ವರ್ಷದಲ್ಲಿ ಬರುವುದು ಹೆಚ್ಚಾಗಿ ಹಳೆಯ ಗಡ್ಡೆಯ ಕಣಗಳು ಆಪರೇಷನ್‌ಗೆ ಮೊದಲೇ ರಕ್ತನಾಳದ ಮೂಲಕ ಲಿವರ್‌ನ ಬೇರೆ ಕಡೆ ಹೋಗಿ ಕೂತದ್ದರಿಂದ. ಎರಡು ವರ್ಷ ಕಳೆದು ಬರುವುದರಲ್ಲಿ ಎಷ್ಟೋ ಸಲ ಅದು ಹೊಸ ಗಡ್ಡೆಯೇ. ಉಳಿದ ಲಿವರ್‌ಗೆ ಕಾಯಿಲೆ ಇರುವುದರಿಂದ ಅಲ್ಲಿ ಹೊಸದಾಗಿ ಹುಟ್ಟಿದ್ದು. ರಿಪೋರ್ಟಿನ ಒಂದೊಂದು ಸಾಲೂ ಇವೆರಡರಲ್ಲಿ ಯಾವುದರ ಬಗ್ಗೆ ಹೇಳುತ್ತಿದೆ ಎಂದು ನೋಡಿದರೆ ಅರ್ಧ ಗೊಂದಲ ಹೋಗುತ್ತದೆ.

ಗಡ್ಡೆಯ ಸುತ್ತಲಿನ ಸಣ್ಣ ರಕ್ತನಾಳದ ಒಳಗೆ ಕ್ಯಾನ್ಸರ್ ಕಣಗಳು ಕಂಡಿವೆ ಎಂಬುದು ಎಂ.ವಿ.ಐ. ಇದು ಮೊದಲ ಬಗೆಗೆ ಸಂಬಂಧಿಸಿದ್ದು. ಸಿ.ಟಿ., ಎಂ.ಆರ್.ಐ.ಯಲ್ಲಿ ಇದು ನೇರವಾಗಿ ಕಾಣುವುದಿಲ್ಲ, ತೆಗೆದ ತುಂಡನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟರೇ ಗೊತ್ತಾಗುವುದು. ನನ್ನ ಪ್ರಕಾರ ನಿಮ್ಮ ರಿಪೋರ್ಟಿನ ಅತಿ ಮುಖ್ಯ ಸಾಲು ಇದೇ. ಗಡ್ಡೆ ಎರಡು ಸೆಂಟಿಮೀಟರ್‌ಗಿಂತ ದೊಡ್ಡದಾಗಿ, ಒಂಟಿಯಾಗಿದ್ದು, ರಕ್ತನಾಳದಲ್ಲಿ ಕಣ ಕಂಡರೆ ಕ್ಯಾನ್ಸರಿನ ಹಂತ ಹೇಳುವ ಎ.ಜೆ.ಸಿ.ಸಿ. ಪದ್ಧತಿಯ ಎಂಟನೇ ಆವೃತ್ತಿಯಲ್ಲಿ ಟಿ2 ಆಗುತ್ತದೆ, ಕಾಣದಿದ್ದರೆ ಟಿ1ಬಿ. ಒಂದು ಸಾಲಿನಿಂದ ಹಂತವೇ ಬದಲಾಗುತ್ತದೆ.

ಆದರೆ 'ಇದೆ' ಎಂದಷ್ಟೇ ಬರೆದರೆ ಸಾಲದು. ಎಷ್ಟು ನಾಳಗಳಲ್ಲಿ? ಗಡ್ಡೆಯಿಂದ ಎಷ್ಟು ದೂರದಲ್ಲಿ? ಚೀನಾದ ಪೆಥಾಲಜಿಸ್ಟರು ಇದಕ್ಕೊಂದು ಕ್ರಮ ಮಾಡಿದ್ದಾರೆ. ಗಡ್ಡೆ ಮತ್ತು ಸುತ್ತಲಿನ ಏಳು ಕಡೆಯಿಂದಾದರೂ ತುಂಡು ತೆಗೆದು ನೋಡಬೇಕು. ಒಂದು ಸೆಂಟಿಮೀಟರ್ ಒಳಗೆ ಐದು ಅಥವಾ ಅದಕ್ಕಿಂತ ಕಡಿಮೆ ಕಂಡರೆ ಎಂ1. ಐದಕ್ಕಿಂತ ಹೆಚ್ಚು, ಅಥವಾ ಒಂದು ಸೆಂಟಿಮೀಟರ್ ದಾಟಿ ಕಂಡರೆ ಎಂ2. ಕಡಿಮೆ ತುಂಡು ನೋಡಿ 'ಇಲ್ಲ' ಎಂದು ಬರೆದ ರಿಪೋರ್ಟಿಗಿಂತ ಸರಿಯಾಗಿ ಹುಡುಕಿ 'ಇದೆ' ಎಂದು ಬರೆದ ರಿಪೋರ್ಟನ್ನು ನಾನು ಹೆಚ್ಚು ನಂಬುತ್ತೇನೆ.

ಇನ್ನು ಸಿ.ಕೆ.19. ಇದು ಸಾಮಾನ್ಯವಾಗಿ ಪಿತ್ತನಾಳದ ಕಣಗಳಲ್ಲಿ ಇರುವ ಪ್ರೋಟೀನ್. ಬೆಳೆದ ಲಿವರ್ ಕಣದಲ್ಲಿ ಇರುವುದಿಲ್ಲ. ಲಿವರ್ ಕ್ಯಾನ್ಸರಿನ ಶೇ. 5ಕ್ಕಿಂತ ಹೆಚ್ಚು ಕಣಗಳಲ್ಲಿ ಕಂಡರೆ ಪಾಸಿಟಿವ್ ಎನ್ನುತ್ತಾರೆ. ಅಂಥ ಗಡ್ಡೆ ಬೇಗ ಮರಳುವುದು, ದುಗ್ಧಗ್ರಂಥಿಗೆ ಹೋಗುವುದು ಉಳಿದವಕ್ಕಿಂತ ಜಾಸ್ತಿ ಎಂದು ಬೇರೆ ಬೇರೆ ದೇಶದ ಅಧ್ಯಯನಗಳು ತೋರಿಸಿವೆ. ಸಂಭವ ಜಾಸ್ತಿ ಎಂದರೆ ಖಂಡಿತ ಎಂದಲ್ಲ.

ಕೆಐ-67 ಎಂದರೆ ನೂರರಲ್ಲಿ ಎಷ್ಟು ಕಣ ಒಡೆದು ಬೆಳೆಯುವ ಹಾದಿಯಲ್ಲಿವೆ ಎಂಬ ಎಣಿಕೆ. ಗಡ್ಡೆಯ ಯಾವ ಜಾಗದಲ್ಲಿ ಎಣಿಸಿದರು, ಯಾರು ಎಣಿಸಿದರು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಲಿವರ್ ಕ್ಯಾನ್ಸರಿನಲ್ಲಿ ಎಲ್ಲರೂ ಒಪ್ಪಿದ ಗೆರೆ ಇಲ್ಲ. 30 ನೋಡಿ ಹೆದರಬೇಡಿ. ಗ್ಲೈಪಿಕಾನ್-3 ಮುಖ್ಯವಾಗಿ ಇದು ಲಿವರ್ ಕ್ಯಾನ್ಸರ್ ಹೌದೇ ಎಂದು ಖಾತ್ರಿ ಮಾಡಲು ಹಾಕಿದ ಬಣ್ಣ. ಎಚ್.ಎಸ್.ಪಿ.70, ಗ್ಲುಟಮಿನ್ ಸಿಂಥಟೇಸ್ ಜೊತೆ ಅದನ್ನು ನೋಡುತ್ತಾರೆ. ಮುಂದಿನ ಆಯುಷ್ಯ ಹೇಳಲು ಹಾಕಿದ್ದಲ್ಲ.

ನೀರ್ಚಾಲಿನ ಮಾಸ್ಟ್ರು

ನಾನು ಗಣಿತ ಕಲಿಸಿ ನಿವೃತ್ತನಾದವನು. ನನ್ನ ತಮ್ಮನಿಗೂ ಇದೇ ಕಾಯಿಲೆ ಇದ್ದದ್ದರಿಂದ ಓದಿದ್ದೇನೆ. ಡಾಕ್ಟ್ರು ಹೇಳಿದ 'ಸಂಭವ ಜಾಸ್ತಿ' ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮನೆಯವರು ಹೆದರುವುದು ಇಲ್ಲಿಯೇ.

ಸಿ.ಕೆ.19ರಂಥ ಗುರುತಿಗೆ ಮಾರ್ಕರ್ ಎನ್ನುತ್ತಾರೆ. ಅಧ್ಯಯನದಲ್ಲಿ ಅದರ ಹಝಾರ್ಡ್ ರೇಶಿಯೋ (ಎರಡು ಗುಂಪಿನ ಅಪಾಯದ ಅನುಪಾತ) 2 ಎಂದು ಬರೆದಿರುತ್ತಾರೆ. ಓದಿದವರು ಎರಡು ಪಟ್ಟು ಅಪಾಯ ಎಂದು ಎದೆ ಹಿಡಿದುಕೊಳ್ಳುತ್ತಾರೆ. ಪಾಠಕ್ಕಾಗಿ ಒಂದು ಲೆಕ್ಕ ಹಾಕೋಣ, ಇದು ಯಾವ ಅಧ್ಯಯನದ್ದೂ ಅಲ್ಲ. ಮಾರ್ಕರ್ ಇಲ್ಲದ 100 ಜನರಲ್ಲಿ ಎರಡು ವರ್ಷದೊಳಗೆ 30 ಜನರಿಗೆ ಮರಳಿತು. ಮಾರ್ಕರ್ ಇದ್ದ 100 ಜನರಲ್ಲಿ 50 ಜನರಿಗೆ ಮರಳಿತು. ಎರಡು ಗುಂಪಿಗೂ ವ್ಯತ್ಯಾಸ ಚೆನ್ನಾಗಿಯೇ ಇದೆ. ಆದರೂ ಮಾರ್ಕರ್ ಇದ್ದ 50 ಜನರಿಗೆ ಏನೂ ಆಗಿಲ್ಲ, ಇಲ್ಲದ 30 ಜನರಿಗೆ ಆಗಿದೆ. ಗುಂಪಿನ ಬಗ್ಗೆ ಸರಿಯಾಗಿ ಹೇಳುವ ಅಂಕಿ ಒಬ್ಬ ಮನುಷ್ಯನ ಬಗ್ಗೆ ಇಷ್ಟೇ ಹೇಳಬಲ್ಲದು.

ಇನ್ನೊಂದು ವಿಷಯ. ಹೊಸ ಮಾರ್ಕರ್ ಎಂದು ಬರುವ ಲೇಖನಗಳಲ್ಲಿ ಎಷ್ಟೋ ಸಲ ತಮ್ಮದೇ ರೋಗಿಗಳ ಅಂಕಿ ನೋಡಿದ ಮೇಲೆ ಗೆರೆ ಎಳೆದಿರುತ್ತಾರೆ. ಶೇ. 10ಕ್ಕೆ ಎಳೆದರೆ ವ್ಯತ್ಯಾಸ ಕಾಣದಿದ್ದರೆ ಶೇ. 20ಕ್ಕೆ ಎಳೆಯುವುದು. ಅದೇ ಗೆರೆ ಬೇರೆ ಆಸ್ಪತ್ರೆಯ, ಬೇರೆ ದೇಶದ ರೋಗಿಗಳಲ್ಲಿ ನಿಲ್ಲುತ್ತದೆಯೇ ಎಂದು ನೋಡದೆ ನಂಬಬಾರದು. ಇಂಥ ಅಧ್ಯಯನಗಳನ್ನು ಹೇಗೆ ಬರೆಯಬೇಕು, ಏನನ್ನು ಮುಚ್ಚಿಡಬಾರದು ಎಂದು 2005ರಲ್ಲೇ 'ರಿಮಾರ್ಕ್' ಎಂಬ ಮಾರ್ಗಸೂಚಿ ಬಂತು. ಅದನ್ನು ಪಾಲಿಸಿದ್ದಾರೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಮಂಜೇಶ್ವರದ ಮಗ

ಮಾಸ್ಟ್ರೇ, ನಿಮ್ಮ ಮಾತು ನನಗೆ ಆಗ ಸಿಕ್ಕಿದ್ದರೆ ಚೆನ್ನಾಗಿತ್ತು. ಅಪ್ಪನಿಗೆ ಆಪರೇಷನ್ ಆದ ವಾರದಲ್ಲೇ ಒಂದು ಖಾಸಗಿ ಲ್ಯಾಬಿನವರು ಫೋನ್ ಮಾಡಿದರು. ಗಡ್ಡೆಯ ಜೀನ್ ಟೆಸ್ಟ್ ಮಾಡಿಸಿದರೆ ಮುಂದೆ ಏನಾಗುತ್ತದೆ ಎಂದು ಪೂರ್ತಿ ಗೊತ್ತಾಗುತ್ತದೆ ಎಂದರು. ಅಡಿಕೆ ಮಾರಿದ ದುಡ್ಡು ಅದಕ್ಕೇ ಹೋಯಿತು. ಪುಟಗಟ್ಟಲೆ ರಿಪೋರ್ಟ್ ಬಂತು. ಟರ್ಟ್ ಪ್ರೊಮೋಟರ್, ಸಿ.ಟಿ.ಎನ್.ಎನ್.ಬಿ.1, ಹೀಗೆ ಬದಲಾದ ಜೀನ್‌ಗಳ ಹೆಸರು, ಇನ್ನೂ ಏನೇನೋ. ಕ್ಯಾನ್ಸರ್ ಡಾಕ್ಟರ್ ನೋಡಿ, 'ಇದರಿಂದ ಈಗ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ' ಎಂದರು. ಹಾಗಾದರೆ ಆ ಟೆಸ್ಟ್ ಇರುವುದಾದರೂ ಯಾಕೆ? ಕೋಪದಿಂದಲ್ಲ, ತಿಳಿಯಬೇಕು ಎಂದು ಕೇಳುತ್ತಿದ್ದೇನೆ.

ಪೆರ್ಲದ ಸ್ಲೈಡ್ ಡಾಕ್ಟ್ರು

ಅಣ್ಣ, 'ಪೂರ್ತಿ ಗೊತ್ತಾಗುತ್ತದೆ' ಎಂದು ಅವರು ಹೇಳಿದ್ದು ತಪ್ಪು. ಹಾಗೆ ಹೇಳಬಲ್ಲ ಟೆಸ್ಟ್ ಈಗ ಇಲ್ಲ.

ಟರ್ಟ್ ಪ್ರೊಮೋಟರ್ ಬದಲಾವಣೆ ಲಿವರ್ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇರುತ್ತದೆ. ಅಷ್ಟು ಸಾಮಾನ್ಯವಾದದ್ದು ಯಾರಿಗೆ ಮರಳುತ್ತದೆ, ಯಾರಿಗೆ ಇಲ್ಲ ಎಂದು ಬೇರ್ಪಡಿಸಲು ಹೆಚ್ಚು ಸಹಾಯ ಮಾಡುವುದಿಲ್ಲ. ಸಿ.ಟಿ.ಎನ್.ಎನ್.ಬಿ.1 ಬದಲಾದ ಗಡ್ಡೆಗಳು ಮೈಕ್ರೋಸ್ಕೋಪಿನಲ್ಲಿ ಹೆಚ್ಚಾಗಿ ಸ್ವಲ್ಪ ಸೌಮ್ಯವಾಗಿ ಕಾಣುತ್ತವೆ. ಅದನ್ನು ನಂಬಿ ಆಪರೇಷನ್ ನಂತರದ ಚಿಕಿತ್ಸೆ ಬದಲಿಸುವ ಪದ್ಧತಿ ಇಲ್ಲ.

ಆದರೂ ಈ ಕ್ಷೇತ್ರದ ಕೆಲಸ ವ್ಯರ್ಥ ಎನ್ನಬೇಡಿ. ನನಗೆ ಅತಿ ಇಷ್ಟವಾದ ಅಧ್ಯಯನ ಒಂದಿದೆ. 2008ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದದ್ದು, ಹೋಶಿದಾ ಮತ್ತು ಸಂಗಡಿಗರು ಮಾಡಿದ್ದು. ಮೇಣದ ಬ್ಲಾಕಿನಲ್ಲಿ ವರ್ಷಗಟ್ಟಲೆ ಇಟ್ಟ ಹಳೆಯ ಟಿಶ್ಯೂವಿನಿಂದ ಜೀನ್‌ಗಳ ಚಟುವಟಿಕೆ ಓದಿದರು. ಜಪಾನಿನ ರೋಗಿಗಳಲ್ಲಿ ಕಂಡದ್ದನ್ನು ಅಮೆರಿಕ, ಯುರೋಪಿನ ರೋಗಿಗಳಲ್ಲಿ ಮತ್ತೆ ಪರೀಕ್ಷಿಸಿದರು. ಎಲ್ಲರೂ ಗಡ್ಡೆಯೊಳಗೆ ಉತ್ತರ ಸಿಗುತ್ತದೆ ಎಂದುಕೊಂಡಿದ್ದರು. ಸಿಕ್ಕಿದ್ದು ಗಡ್ಡೆಯ ಪಕ್ಕದ ಲಿವರ್‌ನಲ್ಲಿ! ಅಲ್ಲಿನ 186 ಜೀನ್‌ಗಳ ಚಟುವಟಿಕೆಗೂ ರೋಗಿ ಎಷ್ಟು ಕಾಲ ಬದುಕಿದರು, ತಡವಾಗಿ ಮರಳಿತೇ ಎಂಬುದಕ್ಕೂ ನಂಟು ಕಂಡಿತು. ಗಡ್ಡೆಯ ಟಿಶ್ಯೂ ಅಂಥ ನಂಟು ತೋರಿಸಲಿಲ್ಲ.

2009ರಲ್ಲಿ ಮಿರ್-26 ಎಂಬ ಮೈಕ್ರೋ ಆರ್.ಎನ್.ಎ. (ಜೀನ್‌ಗಳ ಕೆಲಸವನ್ನು ಹಿಡಿತದಲ್ಲಿಡುವ ಸಣ್ಣ ತುಣುಕು) ಬಗ್ಗೆ ಬಂತು. ಅದು ಗಡ್ಡೆಯಲ್ಲಿ ಕಡಿಮೆ ಇದ್ದವರು ಕಡಿಮೆ ಕಾಲ ಬದುಕಿದರು, ಆದರೆ ಇಂಟರ್‌ಫೆರಾನ್ ಎಂಬ ಔಷಧಿ ಕೊಟ್ಟಾಗ ಅವರಿಗೇ ಲಾಭ ಕಂಡಿತು. 2013ರಲ್ಲಿ ಫ್ರಾನ್ಸಿನವರು ಐದು ಜೀನ್‌ಗಳ ಸ್ಕೋರ್ ಕೊಟ್ಟರು. ಆ ಐದರಲ್ಲಿ ಒಂದು ನಮ್ಮ ಸಿ.ಕೆ.19ರ ಜೀನೇ. ಇವು ಯಾವುವೂ ದಿನನಿತ್ಯದ ಆಸ್ಪತ್ರೆ ಕೆಲಸಕ್ಕೆ ಬಂದಿಲ್ಲ.

ಕಾರಣ ಏನೆಂದರೆ, ಮಾರ್ಕರ್ ಕೆಟ್ಟದು ಎಂದು ಗೊತ್ತಾದ ಮೇಲೆ ಕೊಡಲು ಖಚಿತವಾದ ಔಷಧಿ ಬೇಕಲ್ಲ? ಆಪರೇಷನ್ ನಂತರ ಸೊರಾಫೆನಿಬ್ ಮಾತ್ರೆ ಕೊಟ್ಟು ನೋಡಿದ ಸ್ಟಾರ್ಮ್ ಪ್ರಯೋಗ 2015ರಲ್ಲಿ ಲಾಭ ಇಲ್ಲ ಎಂದಿತು. ಅಟೆಜೋಲಿಝುಮಾಬ್, ಬೆವಾಸಿಝುಮಾಬ್ ಎಂಬ ಔಷಧಿ ಜೋಡಿಯ ಐಎಂಬ್ರೇವ್050 ಪ್ರಯೋಗದಲ್ಲಿ 2023ರ ಮೊದಲ ವರದಿ ಆಸೆ ಹುಟ್ಟಿಸಿತು. ಮುಂದೆ ಹೆಚ್ಚು ಕಾಲ ಗಮನಿಸಿದಾಗ ಆ ಲಾಭ ನಿಲ್ಲಲಿಲ್ಲ. ಎಂ.ವಿ.ಐ. ಇದ್ದವರಿಗೆ ಚೀನಾದಲ್ಲಿ ಆಪರೇಷನ್ ನಂತರ ಟೇಸ್ (ಲಿವರ್‌ನ ರಕ್ತನಾಳದ ಮೂಲಕ ಕ್ಯಾನ್ಸರ್ ಔಷಧಿ ಬಿಟ್ಟು ನಾಳ ಮುಚ್ಚುವ ಚಿಕಿತ್ಸೆ) ಮಾಡುವ ಪದ್ಧತಿ ಇದೆ. ಅದನ್ನು ಎಲ್ಲ ದೇಶದವರೂ ಒಪ್ಪಿಲ್ಲ. ಹೀಗಿರುವಾಗ ದುಬಾರಿ ಜೀನ್ ಟೆಸ್ಟಿಗೆ ಸಾಲ ಮಾಡುವುದು ಬೇಡ ಎಂದೇ ನಾನು ಹೇಳುತ್ತೇನೆ. ಕ್ಯಾನ್ಸರ್ ಮರಳಿ ಬಂದು ಔಷಧಿ ಆರಿಸುವ ಹೊತ್ತಿಗೆ, ಅಥವಾ ಕ್ಲಿನಿಕಲ್ ಟ್ರಯಲ್ ಸೇರುವುದಿದ್ದರೆ, ಡಾಕ್ಟರ್ ಹೇಳಿದರೆ ಮಾಡಿಸಿ.

ಮುಳ್ಳೇರಿಯದ ಕೃಷಿಕ

ಪಕ್ಕದ ಲಿವರ್ ಬಗ್ಗೆ ಡಾಕ್ಟ್ರು ಹೇಳಿದ್ದು ನನಗೆ ಕೂಡಲೇ ಅರ್ಥವಾಯಿತು. ಕೊಳೆರೋಗ ಬಂದ ಅಡಿಕೆ ಗೊನೆ ಇಳಿಸಿ ಸುಟ್ಟರೂ ತೋಟದಲ್ಲಿ ಕೊಳೆ ಉಳಿದಿರುತ್ತದೆ, ಮುಂದಿನ ಮಳೆಗೆ ಮತ್ತೆ ಏಳುತ್ತದೆ. ಮದ್ದು ಬಿಡಬೇಕಾದದ್ದು ಇಡೀ ತೋಟಕ್ಕೆ.

ನನ್ನ ಪ್ರಶ್ನೆ ಬೇರೆ. ಬೂಷ್ಟು ಹಿಡಿದ ಕೊಬ್ಬರಿಯಿಂದ ಲಿವರ್ ಕ್ಯಾನ್ಸರ್ ಬರುತ್ತದೆ ಎನ್ನುತ್ತಾರೆ. ನಮ್ಮಲ್ಲಿ ಮಳೆಗಾಲದಲ್ಲಿ ಕೊಬ್ಬರಿ ಒಣಗುವುದೇ ಕಷ್ಟ. ನಿಜವೇ? ಗಡ್ಡೆಯ ಟೆಸ್ಟಿನಲ್ಲಿ ಅದು ಗೊತ್ತಾಗುತ್ತದೆಯೇ?

ಪೆರ್ಲದ ಸ್ಲೈಡ್ ಡಾಕ್ಟ್ರು

ನಿಜ ಇದೆ ಮಾವ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷ ಮಾಡುತ್ತದೆ. ನೆಲಗಡಲೆ, ಜೋಳ, ಸರಿಯಾಗಿ ಒಣಗದ ಕೊಬ್ಬರಿ, ಎಲ್ಲದರಲ್ಲೂ ಬರಬಹುದು. ಈ ವಿಷ ಟಿ.ಪಿ.53 ಎಂಬ ಜೀನಿನ 249ನೇ ಜಾಗದಲ್ಲಿ ಒಂದು ನಿರ್ದಿಷ್ಟ ಬದಲಾವಣೆ ಮಾಡುತ್ತದೆ. 1991ರಲ್ಲಿ ಚೀನಾದ ಚಿಡಾಂಗ್ ಮತ್ತು ಆಫ್ರಿಕಾದ ದಕ್ಷಿಣ ಭಾಗದ ರೋಗಿಗಳ ಗಡ್ಡೆಯಲ್ಲಿ ಇದನ್ನು ಕಂಡುಹಿಡಿದರು. ಅಂದರೆ ಗಡ್ಡೆಯ ಟಿಶ್ಯೂ ಮುಂದೆ ಏನಾಗಬಹುದು ಎಂಬುದರ ಜೊತೆಗೆ ಹಿಂದೆ ಏನಾಗಿತ್ತು ಎಂಬುದನ್ನೂ ಸ್ವಲ್ಪ ಹೇಳುತ್ತದೆ. ಹೆಪಟೈಟಿಸ್ ಬಿ ಮತ್ತು ಅಫ್ಲಟಾಕ್ಸಿನ್ ಎರಡೂ ಸೇರಿದರೆ ಅಪಾಯ ತುಂಬ ಏರುತ್ತದೆ.

ಕೊಬ್ಬರಿಯ ತೇವ ಶೇ. 6ರ ಹತ್ತಿರ ಇಳಿಯುವವರೆಗೆ ಒಣಗಿಸಬೇಕು. ಮಳೆಗಾಲದಲ್ಲಿ ಡ್ರೈಯರ್ ಬೇಕೇ ಬೇಕು. ತೆಂಗಿನ ಚಿಪ್ಪು ಉರಿಸುವ ಡ್ರೈಯರ್ ಬಗ್ಗೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ.ಯಲ್ಲಿ ಕೇಳಿ, ಅದು ನಮ್ಮ ಬಾಗಿಲಲ್ಲೇ ಇದೆ ಅಲ್ವಾ. ಬೂಷ್ಟು ಹಿಡಿದದ್ದನ್ನು ಒರೆಸಿ ಎಣ್ಣೆಗೆ ಹಾಕಬೇಡಿ.

ಉಪ್ಪಳದ ಸಿಸ್ಟರ್

ನಾನು ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡಿದವಳು. ಬದಿಯಡ್ಕದ ಅಕ್ಕನಿಗೆ ಕೆಲವು ಕೆಲಸದ ಮಾತು.

ಹೆಪಟೈಟಿಸ್ ಬಿ ಮಾತ್ರೆ, ಎಂಟೆಕವಿರ್ ಆಗಲಿ ಟೆನೊಫೊವಿರ್ ಆಗಲಿ, ಒಂದು ದಿನವೂ ತಪ್ಪಿಸಬೇಡಿ. 'ಗಡ್ಡೆ ತೆಗೆದಾಯಿತಲ್ಲ, ಮಾತ್ರೆ ಯಾಕೆ' ಎಂದು ಬಿಟ್ಟವರನ್ನು ನೋಡಿದ್ದೇನೆ. ಆಪರೇಷನ್ ನಂತರ ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕ್ಯಾನ್ಸರ್ ಮರಳುವುದು ಕಡಿಮೆ. ಸಿ.ಕೆ.19 ಅನ್ನು ನೀವು ಬದಲಿಸಲಾರಿರಿ, ಇದನ್ನು ಮಾಡಬಲ್ಲಿರಿ. ಮನೆಯವರೆಲ್ಲ ಹೆಪಟೈಟಿಸ್ ಬಿ ರಕ್ತಪರೀಕ್ಷೆ ಮಾಡಿಸಿ. ಇಲ್ಲದವರಿಗೆ ಲಸಿಕೆ, ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಒಟ್ಟಿಗೆ ಊಟ ಮಾಡಿದರೆ ಹರಡುವುದಿಲ್ಲ. ಮಾವನ ತಟ್ಟೆ ಬೇರೆ ಇಡುವುದೆಲ್ಲ ಬೇಡ. ರೇಜರ್, ಬ್ರಷ್ ಮಾತ್ರ ಬೇರೆ ಇರಲಿ.

ಬ್ಲಾಕ್ ಮತ್ತು ಸ್ಲೈಡ್ ಬಗ್ಗೆ ಯಾರೂ ಹೇಳುವುದಿಲ್ಲ. ತೆಗೆದ ಗಡ್ಡೆಯ ತುಂಡುಗಳನ್ನು ಮೇಣದಲ್ಲಿ ಕೂರಿಸಿದ್ದೇ ಬ್ಲಾಕ್. ಎರಡನೇ ಅಭಿಪ್ರಾಯಕ್ಕೆ ಹೋಗುವುದಿದ್ದರೆ ಲ್ಯಾಬಿನಲ್ಲಿ ಅರ್ಜಿ ಬರೆದು ಸಹಿ ಹಾಕಿ ಪಡೆಯಿರಿ. ಬ್ಲಾಕಿನ ಮೇಲಿನ ನಂಬರ್ ರಿಪೋರ್ಟಿನ ನಂಬರಿಗೆ ಸರಿ ಇದೆಯೇ ನೋಡಿ. ಮೇಣ ಕರಗೀತು, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಕೆಲಸ ಆದ ಮೇಲೆ ವಾಪಸ್ ಕೊಡಿ.

ಮಂಜೇಶ್ವರದ ಮಗ

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಲ್ಲ ಕಾಗದದ ಪ್ರತಿ, ಸ್ಕ್ಯಾನ್ ಸಿ.ಡಿ. ಮನೆಯಲ್ಲಿ ಇರಲಿ. 2020ರ ಲಾಕ್‌ಡೌನ್‌ನಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿ ಇಲ್ಲಿನ ರೋಗಿಗಳು ಮಂಗಳೂರಿಗೆ ಹೋಗಲಾರದೆ ಸತ್ತರು. ನಮ್ಮ ಚಿಕಿತ್ಸೆ ಎಲ್ಲ ಗಡಿಯ ಆಚೆ. ಕಾಗದ ಕೈಯಲ್ಲಿದ್ದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋದರೂ ಮೊದಲಿನಿಂದ ಶುರು ಮಾಡಬೇಕಿಲ್ಲ. ಕೇರಳದ ಆರೋಗ್ಯ ಕಾರ್ಡ್ ಇದ್ದರೆ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದೂ ಮೊದಲೇ ವಿಚಾರಿಸಿ ಇಡಿ.

ಬದಿಯಡ್ಕದ ಸೊಸೆ

ಎಲ್ಲರಿಗೂ ತುಂಬ ಕೃತಜ್ಞತೆ. ಇಲ್ಲಿ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಮಾಸ್ಟ್ರ ಲೆಕ್ಕವನ್ನು ಮತ್ತೆ ಕೇಳಿದರು.

ಯಜಮಾನರು ಲ್ಯಾಬಿಗೆ ಹೋಗಿ ವಿಚಾರಿಸಿದರು. ಪೆಥಾಲಜಿ ಡಾಕ್ಟರ್ ಬೇಸರವಿಲ್ಲದೆ ಸ್ಲೈಡ್ ಮತ್ತೆ ನೋಡಿ ಹೇಳಿದರಂತೆ: ಮೂರು ನಾಳಗಳಲ್ಲಿ ಕಂಡಿದೆ, ಎಲ್ಲವೂ ಗಡ್ಡೆಯ ಹತ್ತಿರವೇ, ಒಂದು ಸೆಂಟಿಮೀಟರ್ ಒಳಗೆ. ಅದನ್ನು ರಿಪೋರ್ಟಿನಲ್ಲಿ ಸೇರಿಸಿ ಕೊಟ್ಟರು. ಮಾತ್ರೆ ಶುರುವಾಗಿದೆ. ಮನೆಯಲ್ಲಿ ನನ್ನ ಮೈದುನನಿಗೂ ಹೆಪಟೈಟಿಸ್ ಬಿ ಇದೆ ಎಂದು ಗೊತ್ತಾಯಿತು, ಅವನಿಗೂ ಸ್ಕ್ಯಾನ್ ಹೇಳಿದ್ದಾರೆ.

ಎರಡು ಪ್ರಶ್ನೆ ಉಳಿದಿದೆ. ಸ್ಕ್ಯಾನ್ ಎಷ್ಟು ಸಲ? ಒಂದು ವೇಳೆ ಮತ್ತೆ ಬಂದರೆ ಈ ರಿಪೋರ್ಟೇ ಅದಕ್ಕೂ ಸಾಕಾಗುತ್ತದೆಯೇ?

ಪೆರ್ಲದ ಸ್ಲೈಡ್ ಡಾಕ್ಟ್ರು

ಮೂರು ನಾಳ, ಒಂದು ಸೆಂಟಿಮೀಟರ್ ಒಳಗೆ ಎಂದರೆ ನಾನು ಹೇಳಿದ ಕ್ರಮದಲ್ಲಿ ಎಂ1. 'ಇದೆ' ಎಂಬ ಒಂದೇ ಪದಕ್ಕಿಂತ ಇದು ಎಷ್ಟೋ ಸ್ಪಷ್ಟ. ಮೈದುನನದ್ದು ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು.

ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮತ್ತು ರಕ್ತದ ಎ.ಎಫ್.ಪಿ. (ಲಿವರ್ ಕ್ಯಾನ್ಸರಿನಲ್ಲಿ ಏರಬಹುದಾದ ಪ್ರೋಟೀನ್) ಪರೀಕ್ಷೆ, ಆಮೇಲೆ ಆರು ತಿಂಗಳಿಗೊಮ್ಮೆ ಎಂಬುದು ಸಾಮಾನ್ಯ ಕ್ರಮ. ಎಂ.ವಿ.ಐ., ಸಿ.ಕೆ.19 ಎರಡೂ ಇರುವುದರಿಂದ ಮೂರು ತಿಂಗಳ ಕಡೆಗೇ ಇರಲಿ, ನಿಮ್ಮ ಸರ್ಜನ್ ಹೇಳಿದ್ದು ಸರಿ ಇದೆ. ಬರಿಯ ಅಲ್ಟ್ರಾಸೌಂಡ್ ಅಲ್ಲ, ಕಾಂಟ್ರಾಸ್ಟ್ ಹಾಕಿದ ಸಿ.ಟಿ. ಅಥವಾ ಎಂ.ಆರ್.ಐ. ಸಣ್ಣದಿರುವಾಗ ಸಿಕ್ಕರೆ ಮತ್ತೆ ಆಪರೇಷನ್, ಸುಡುವ ಚಿಕಿತ್ಸೆ, ಕೆಲವರಿಗೆ ಲಿವರ್ ಕಸಿ, ಹೀಗೆ ದಾರಿಗಳು ಉಳಿದಿರುತ್ತವೆ. ಆಪರೇಷನ್‌ಗೆ ಮೊದಲು ಎ.ಎಫ್.ಪಿ. ಎಷ್ಟಿತ್ತು ಎಂದು ಹುಡುಕಿ ಫೈಲಿನ ಮೇಲೆಯೇ ಬರೆದಿಡಿ. ಮುಂದಿನ ಅಂಕಿಯನ್ನು ಅದರ ಜೊತೆ ಹೋಲಿಸಿ ನೋಡಬೇಕು.

ಎರಡನೇ ಪ್ರಶ್ನೆ. ಮತ್ತೆ ಗಡ್ಡೆ ಕಂಡರೆ ಈ ರಿಪೋರ್ಟನ್ನು ಅದಕ್ಕೆ ಹಾಗೆಯೇ ಹಚ್ಚಬಾರದು. ಅದು ಹಳೆಯದರ ಕಣವೇ ಇರಬಹುದು, ಪೂರ್ತಿ ಹೊಸದೂ ಇರಬಹುದು. ಹೊಸದಾಗಿದ್ದರೆ ಅದರ ಗ್ರೇಡ್, ಸಿ.ಕೆ.19 ಎಲ್ಲ ಬೇರೆ. ಆಗ ಮತ್ತೆ ಆಪರೇಷನ್ ಅಥವಾ ಬಯಾಪ್ಸಿ ಆದರೆ, ಹಳೆಯ ಸ್ಲೈಡ್ ಪಕ್ಕದಲ್ಲಿಟ್ಟು ಎರಡನ್ನೂ ಒಟ್ಟಿಗೆ ನೋಡಿ ಎಂದು ಪೆಥಾಲಜಿ ಡಾಕ್ಟರಿಗೆ ಕೇಳಿಕೊಳ್ಳಿ. ಲ್ಯಾಬುಗಳು ಬ್ಲಾಕನ್ನು ಇಂತಿಷ್ಟು ವರ್ಷ ಇಟ್ಟು ಆಮೇಲೆ ತೆಗೆಯುತ್ತವೆ. ಎಷ್ಟು ವರ್ಷ ಇಡುತ್ತೀರಿ ಎಂದು ಈಗಲೇ ಕೇಳಿ, ಆ ಅವಧಿ ಮುಗಿಯುವ ಮೊದಲು ಬ್ಲಾಕನ್ನು ನೀವೇ ಕೇಳಿ ಪಡೆದುಕೊಳ್ಳಿ.